ಸರಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ: ಏರುತ್ತಿರುವ ಚಿಕಿತ್ಸಾ ವೆಚ್ಚ

ಮಗಳ ಮದುವೆಗೆಂದೋ ಊರಿನಲ್ಲೊಂದು ಮನೆ ಕಟ್ಟಲೆಂದೋ ಇಟ್ಟ ನಿರಖು ಠೇವಣಿಯನ್ನು ಅವಧಿಗೆ ಮೊದಲೇ ಹಿಂಪಡೆಯಲು ಬರುವವರನ್ನು ಬ್ಯಾಂಕಿನಲ್ಲಿ ದುಡಿಯುವ ನಾವು ಹಲವು ವರ್ಷಗಳಿಂದ ಕಾಣುತ್ತಿದ್ದೇವೆ. ಕಾರಣ ಕೇಳಿದರೆ ಅನೇಕರ ಉತ್ತರ ಒಂದೇ: ಆಸ್ಪತ್ರೆಯ ಬಿಲ್ಲು. ಆದುದರಿಂದ ಮುಂಬಯಿ ಕನ್ನಡಿಗರಿಗೆ ಉಪಯುಕ್ತವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಸಾರ್ವಜನಿಕ ಆಸ್ಪತ್ರೆಗಳು

ಮುಂಬಯಿಯ ಸಾರ್ವಜನಿಕ ಆಸ್ಪತ್ರೆಗಳಿಗೆ ದೀರ್ಘ ಇತಿಹಾಸವಿದೆ. ಜೆ.ಜೆ. ಆಸ್ಪತ್ರೆ 1845ರಲ್ಲಿ ಆರಂಭವಾಯಿತು. ಪರೇಲಿನ ಕೆ.ಇ.ಎಂ. ಆಸ್ಪತ್ರೆ ಹಾಗೂ ಅದರ ವೈದ್ಯಕೀಯ ಕಾಲೇಜು 1926ರಲ್ಲಿ ತೆರೆದಾಗ, ಅಧ್ಯಾಪಕರೆಲ್ಲರೂ ಭಾರತೀಯರೇ ಆಗಿರಬೇಕೆಂಬ ಷರತ್ತು ದಾನಿಗಳದಾಗಿತ್ತು. 1941ರ ಟಾಟಾ ಸ್ಮಾರಕ ಆಸ್ಪತ್ರೆ ಇಂದು ಪರಮಾಣು ಶಕ್ತಿ ಇಲಾಖೆಯ ಅಧೀನದಲ್ಲಿದೆ. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲೇ ಹೇಳಿತ್ತು.

ಆದರೆ ಹಾಸಿಗೆಗಳಿಗಿಂತ ರೋಗಿಗಳ ಸಂಖ್ಯೆ ಹೆಚ್ಚು. ಸರತಿಯಲ್ಲಿ ದಿನಗಟ್ಟಲೆ ಕಾಯಲಾಗದ ಮಧ್ಯಮ ವರ್ಗ ಖಾಸಗಿ ಆಸ್ಪತ್ರೆಯತ್ತ ಹೊರಳಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಆರೋಗ್ಯಕ್ಕೆ ಸರಕಾರದ ವೆಚ್ಚ 2025ರೊಳಗೆ ರಾಷ್ಟ್ರೀಯ ಉತ್ಪನ್ನದ ಶೇ. 2.5ಕ್ಕೆ ಏರಬೇಕೆಂದಿತು, 2021-22ರಲ್ಲಿ ಅದು ಶೇ. 1.84 ಆಗಿತ್ತು. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಕಿಸೆಯಿಂದ ತೆರುವ ಪಾಲು 2013-14ರ ಶೇ. 64.2ರಿಂದ 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇದು ಸಮಾಧಾನದ ಸಂಗತಿಯೇ. ಆದರೂ ಹೊರೆ ಸಣ್ಣದಲ್ಲ.

ಖಾಸಗಿ ವೆಚ್ಚ ಮತ್ತು ವಿಮೆ

ನಿವೇಶನದ ಬೆಲೆ, ದುಬಾರಿ ಯಂತ್ರಗಳು, ಸಾಲದ ಬಡ್ಡಿ ಎಲ್ಲವೂ ಕೊನೆಗೆ ರೋಗಿಯ ಬಿಲ್ಲಿನಲ್ಲೇ ಸೇರುತ್ತವೆ. ನಿಯಂತ್ರಣ ಅಸಾಧ್ಯವೇನಲ್ಲ. 2017ರ ಫೆಬ್ರವರಿಯಲ್ಲಿ ಸರಕಾರವು ಔಷಧಲೇಪಿತ ಹೃದಯ ಸ್ಟೆಂಟಿನ ಗರಿಷ್ಠ ಬೆಲೆಯನ್ನು 29,600 ರೂಪಾಯಿಗೆ ಮಿತಿಗೊಳಿಸಿತು. ಅದೇ ವರ್ಷ ಮಂಡಿಚಿಪ್ಪಿನ ಕೃತಕ ಜೋಡಣೆಗಳಿಗೂ ಮಿತಿ ಬಂತು.

1986ರಲ್ಲಿ ಆರಂಭವಾದ ಮೆಡಿಕ್ಲೇಮ್ ಇಂದು ಅನೇಕ ಮನೆಗಳ ಆಸರೆ. ಆದರೆ ಪಾಲಿಸಿಯ ಷರತ್ತುಗಳನ್ನು ಓದುವವರು ವಿರಳ. 5 ಲಕ್ಷದ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಯ ಮಿತಿ ದಿನಕ್ಕೆ ಶೇ. 1 ಎಂದಿದ್ದರೆ ಅದು 5,000 ರೂಪಾಯಿ. 10,000ದ ಕೊಠಡಿ ಹಿಡಿದರೆ ಕಡಿತ ಬಾಡಿಗೆಗಷ್ಟೇ ನಿಲ್ಲದು. ವೈದ್ಯರ ಹಾಗೂ ಶಸ್ತ್ರಚಿಕಿತ್ಸೆಯ ಶುಲ್ಕದಲ್ಲೂ ಅರ್ಧದಷ್ಟೇ ಸಿಗಬಹುದು.

2024ರ ನಿಯಮಗಳಂತೆ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಮೂರು ವರ್ಷ ಮೀರುವಂತಿಲ್ಲ. ಕುಟುಂಬ ಹಾಗೂ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಮಿನ ಮೇಲಿದ್ದ ಶೇ. 18 ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ.

ತಿಳಿದಿರಬೇಕಾದ ಸೌಲಭ್ಯಗಳು

ಮಹಾರಾಷ್ಟ್ರದಲ್ಲಿ ಧರ್ಮಾದಾಯ ಟ್ರಸ್ಟಿನ ಅಡಿಯಲ್ಲಿರುವ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕಾದಿರಿಸಬೇಕು. ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಈ ಯೋಜನೆಯನ್ನು ವಿಧಿಸಿತು. ಎಷ್ಟೋ ಹೆಸರಾಂತ ಆಸ್ಪತ್ರೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಕೇಳುವವರಿಲ್ಲದಿದ್ದರೆ ಹೇಳುವವರೂ ಇರುವುದಿಲ್ಲ.

ಆಯುಷ್ಮಾನ್ ಭಾರತ ಯೋಜನೆಯು 2024ರ ಅಕ್ಟೋಬರಿನಿಂದ 70 ವರ್ಷ ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ವರೆಗಿನ ರಕ್ಷಣೆ ನೀಡುತ್ತಿದೆ. ನೋಂದಣಿಗೆ ಆಧಾರ್ ಅಗತ್ಯ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಈ ಕಾರ್ಡು ಬೇರೆ ರಾಜ್ಯದಲ್ಲೂ ಸಲ್ಲುವುದರಿಂದ, ಮಳೆಗಾಲಕ್ಕೆ ಊರಿನಲ್ಲೂ ಉಳಿದ ದಿನ ಮಕ್ಕಳೊಡನೆ ಇಲ್ಲಿಯೂ ಇರುವ ನಮ್ಮ ಹಿರಿಯರಿಗೆ ಇದು ವಿಶೇಷ ಅನುಕೂಲ.

ಕಾಯಿಲೆ ಬಂದ ರಾತ್ರಿ ಕಾಗದಪತ್ರ ಹುಡುಕುವುದು ಕಷ್ಟ. ನಮ್ಮ ಸಂಘಸಂಸ್ಥೆಗಳು ರಕ್ತದಾನ, ತಪಾಸಣಾ ಶಿಬಿರಗಳ ಜೊತೆಗೆ ಕಾರ್ಡು ನೋಂದಣಿಯ ಶಿಬಿರವನ್ನೂ ನಡೆಸಿದರೆ ಎಷ್ಟೋ ಮನೆಗಳ ಠೇವಣಿ ಉಳಿದೀತು ಎಂಬುದು ನಮ್ಮ ಆಶಯ.