ಬೊಂಬೆಯ ಹಿಂದಿನ ಯಂತ್ರ

ಆಂಟಾಪ್ ಹಿಲ್ಲಿನ ನಮ್ಮ ವಸತಿಗಳಲ್ಲಿ ಮೈಸೂರು ಸೀಮೆಯ ಕುಟುಂಬವೊಂದರ ಮನೆಯನ್ನು ಹೊಕ್ಕರೆ, ಗಾಜಿನ ಬೀರುವಿನಲ್ಲಿ ಚನ್ನಪಟ್ಟಣದ ಬೊಂಬೆಯೊಂದು ಕಣ್ಣಿಗೆ ಬೀಳದೆ ಇರುವುದು ಅಪರೂಪ. ಊರಿಗೆ ಹೋಗಿ ಬಂದವರು ಮಕ್ಕಳಿಗೆಂದು ಬುಗುರಿಯನ್ನೋ ಕುದುರೆಯನ್ನೋ ತಂದಿರುತ್ತಾರೆ. ಅದರ ಬಣ್ಣವನ್ನು ಎಲ್ಲರೂ ಹೊಗಳುತ್ತೇವೆ. ಆದರೆ ಅದನ್ನು ಕಡೆದ ಯಂತ್ರ ಯಾವುದು, ಅದು ಕೆಟ್ಟಾಗ ಸರಿಮಾಡುವವರು ಯಾರು ಎಂದು ಕೇಳುವವರು ವಿರಳ. ನಾನು ಕುಶಲಕರ್ಮಿಯಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೆ ನನ್ನ ಸೋದರಮಾವನ ಮನೆಯ ಹಿಂಭಾಗದಲ್ಲಿ ಒಂದು ಲೇತು ಇರುವುದರಿಂದ, ಬಲ್ಲಷ್ಟನ್ನು ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇನೆ.

ಚನ್ನಪಟ್ಟಣವು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಅರಗಿನ ಕೆಲಸವನ್ನು ಕಲಿಸಿದನೆಂಬುದು ಪ್ರತೀತಿ. ಮುಂದೆ ಬಾವಾಸ್ ಮಿಯಾನ್ ಎಂಬವರು ಜಪಾನೀ ವಿಧಾನಗಳನ್ನು ಇದಕ್ಕೆ ಅಳವಡಿಸಿದರೆಂದು ಊರಿನವರು ಇಂದಿಗೂ ಸ್ಮರಿಸುತ್ತಾರೆ. 1800ರಲ್ಲಿ ಈ ದಾರಿಯಾಗಿ ಸಂಚರಿಸಿದ ಬುಕಾನನ್ ಸಾಹೇಬನು ಇಲ್ಲಿ ತಯಾರಾಗುತ್ತಿದ್ದ ವಾದ್ಯಗಳ ಉಕ್ಕಿನ ತಂತಿಯ ಬಗ್ಗೆ ಬರೆದಿದ್ದಾನೆ. ಮರದ ಕೆಲಸಕ್ಕೆ ಹೆಸರಾದ ಊರಿನಲ್ಲಿ ಲೋಹದ ಕೆಲಸವನ್ನು ಬಲ್ಲ ಕೈಗಳೂ ಇದ್ದವೆಂಬುದನ್ನು ನಾವು ಗಮನಿಸಬೇಕು.

ಹಳೆಯ ಕಾಲದ ಲೇತು ಬಹಳ ಸರಳ. ಎರಡು ಆಧಾರಗಳು, ಅವುಗಳಲ್ಲಿ ಎದುರುಬದುರಾಗಿ ಎರಡು ಕಬ್ಬಿಣದ ಮೊನೆಗಳು, ನಡುವೆ ಹಾಲೆ ಮರದ ತುಂಡು. ಬಿಲ್ಲಿನ ಹಗ್ಗವನ್ನು ತುಂಡಿಗೆ ಸುತ್ತಿ ಹಿಂದೆ ಮುಂದೆ ಎಳೆದರೆ ಅದು ತಿರುಗುತ್ತದೆ; ಉಳಿಯು ಒಂದು ದಿಕ್ಕಿನ ತಿರುವಿನಲ್ಲಿ ಮಾತ್ರ ಮರವನ್ನು ಕೊರೆಯುತ್ತದೆ. ಆಕಾರ ಬಂದ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೇದಗೆಯ ಎಲೆಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಬೆಂಕಿಯಿಲ್ಲ, ಕುಂಚವಿಲ್ಲ. ಅಂತಹ ಲೇತಿನ ಕಾಯಿಲೆಗಳೂ ಸರಳವೇ. ಹಗ್ಗ ಸವೆದರೆ ಹೊಸ ಹಗ್ಗ, ಮೊನೆ ಮೊಂಡಾದರೆ ಸಾಣೆಕಲ್ಲು, ಕಿರುಗುಟ್ಟಿದರೆ ಒಂದು ತೊಟ್ಟು ಎಣ್ಣೆ. ದುರಸ್ತಿಗಾಗಿ ಮನೆಯ ಹೊಸಿಲು ದಾಟಬೇಕಾದ ಪ್ರಸಂಗವೇ ಕಡಿಮೆ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ಬಗೆಯ ಬದಲಾವಣೆ ನಡೆಯುತ್ತಿತ್ತು. ಸ್ಯಾಮ್ಯುಯೆಲ್ ಬೆಂಥಮ್ ಎಂಬವನು 1793ರಲ್ಲಿ ಮರಗೆಲಸದ ಯಂತ್ರಗಳಿಗೆ ಪೇಟೆಂಟ್ ಪಡೆದನು. ಆಮೇಲೆ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ, ಹಡಗಿನ ಹಗ್ಗಗಳಿಗೆ ಬೇಕಾದ ಮರದ ರಾಟೆಗಳನ್ನು ಮಾಡುವುದಕ್ಕೆ ಬ್ರೂನೆಲ್ ರೂಪಿಸಿದ ಯಂತ್ರಗಳನ್ನು ಮಾಡ್‌ಸ್ಲೇ ತಯಾರಿಸಿಕೊಟ್ಟನು. 110 ಮಂದಿ ನುರಿತ ಕೆಲಸಗಾರರ ಕೆಲಸವನ್ನು ನುರಿಯದ 10 ಮಂದಿ ಮಾಡತೊಡಗಿದರು. ಈ ಯಂತ್ರಗಳನ್ನು ತಿರುಗಿಸಿದ್ದು ಉಗಿ. ಉಗಿಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಂದು ಎಂಜಿನ್, ಅದರಿಂದ ಛಾವಣಿಯುದ್ದಕ್ಕೂ ಒಂದು ದಂಡ, ದಂಡದಿಂದ ಇಳಿಬಿದ್ದ ಬೆಲ್ಟುಗಳು. ಹೀಗಾಗಿ ಕೆಲಸವು ಮನೆಯನ್ನು ಬಿಟ್ಟು ಕಾರ್ಖಾನೆಯನ್ನು ಸೇರಿತು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿಯೂ ನಡೆದದ್ದು ಇದೇ. ಮಗ್ಗ ನಡೆಸುವವನು ಒಬ್ಬ, ಅದನ್ನು ದುರಸ್ತಿ ಮಾಡುವ ಫಿಟ್ಟರ್ ಇನ್ನೊಬ್ಬ ಎಂದಾಯಿತು.

ಕೆಲಸವನ್ನು ಮರಳಿ ಮನೆಗೆ ತರುವ ದಾರಿಯನ್ನು ತೆರೆದದ್ದು ವಿದ್ಯುತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಮುಂಬಯಿಯ ಗಿರಣಿಗಳಿಗೆ ಖೋಪೋಲಿಯಿಂದ ಟಾಟಾ ಕಂಪನಿಯ ವಿದ್ಯುತ್ತು ಬಂದದ್ದು 1915ರಲ್ಲಿ. ಕಾಲಕ್ರಮದಲ್ಲಿ ಮನೆಯ ಮೂಲೆಯಲ್ಲಿ ಕೂರಬಲ್ಲ ಸಣ್ಣ ಮೋಟಾರು ಸಿಕ್ಕಿತು. ಒಂದು ಮೋಟಾರು, ಒಂದು ಬೆಲ್ಟು, ಒಂದು ಲೇತು: ಇಷ್ಟಿದ್ದರೆ ಹಿತ್ತಿಲ ಕೋಣೆಯೇ ಕಾರ್ಖಾನೆ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ಚನ್ನಪಟ್ಟಣದಲ್ಲಿ 32 ಲೇತುಗಳ ಒಂದು ಅರಗಿನ ಕರಕುಶಲ ಕೇಂದ್ರವನ್ನು ಸ್ಥಾಪಿಸಿತು. ಮನೆಗಳ ಲೇತುಗಳೂ ತಮ್ಮ ಪಾಡಿಗೆ ತಿರುಗುತ್ತ ಬಂದವು. ಆದರೆ ಒಂದು ಮಾತು. ಹಗ್ಗ ಸವೆದದ್ದು ಕಣ್ಣಿಗೆ ಕಾಣುತ್ತಿತ್ತು. ಬೇರಿಂಗ್ ಸವೆದದ್ದು ಕಾಣುವುದಿಲ್ಲ.

ಕೆಲವು ವರ್ಷಗಳ ಹಿಂದೆ ದಸರೆಗೆ ಮುಂಚೆ, ಮಾವನ ಲೇತು ಗುರುಗುಟ್ಟತೊಡಗಿತು. ಬೊಂಬೆಗಳ ಬೇಡಿಕೆ ಮುಂದಿತ್ತು. ಬಂದು ನೋಡಿದ ಮೆಕ್ಯಾನಿಕ್ ಒಬ್ಬನು ಮೋಟಾರು ಹೋಗಿದೆ, ಹೊಸ ಯಂತ್ರವನ್ನೇ ಕೊಳ್ಳುವುದು ಮೇಲು ಎಂದು ಹೇಳಿ ಹೊರಟುಹೋದನು. ರಜೆಯಲ್ಲಿ ಹೋಗಿದ್ದ ನಾನು, "ಮಾವ, ಸಾಲಕ್ಕೆ ಅರ್ಜಿ ಬರೆದುಕೊಡಲೇ?" ಎಂದೆ. "ತಡಿಯಪ್ಪ, ಮೊದಲು ಅದರ ನಾಡಿ ನೋಡೋಣ" ಎಂದರು. ಪ್ಲಗ್ಗನ್ನು ಕಿತ್ತು ಬೆಲ್ಟನ್ನು ಕಳಚಿದರು. ಮತ್ತೆ ಪ್ಲಗ್ ಹಾಕಿ ಮೋಟಾರನ್ನು ಮಾತ್ರ ಓಡಿಸಿದರೆ ಸದ್ದೇ ಇಲ್ಲ. ಅದನ್ನು ನಿಲ್ಲಿಸಿ ಲೇತಿನ ದಂಡವನ್ನು ಕೈಯಿಂದ ತಿರುಗಿಸಿದಾಗ ಮರಳು ಅರೆದಂತೆ ಗರಗರ. ಕಾಯಿಲೆ ಇದ್ದದ್ದು ಬೇರಿಂಗಿನಲ್ಲಿ. ಅದರ ಅಂಚಿನಲ್ಲಿ 6205 ಎಂದು ಅಚ್ಚಾಗಿತ್ತು. ಈ ಸಂಖ್ಯೆಗೆ ಲೋಕದಲ್ಲೆಲ್ಲ ಒಂದೇ ಅಳತೆ: ಒಳಗೆ 25 ಮಿಲಿಮೀಟರ್, ಹೊರಗೆ 52, ದಪ್ಪ 15. ಊರಿನ ಅಂಗಡಿಯಲ್ಲಿ ಆ ದಿನ ಅದು ಸಿಗಲಿಲ್ಲ. ಮುಂಬಯಿಗೆ ಮರಳಿದ ದಿನವೇ ನಾಗದೇವಿ ಸ್ಟ್ರೀಟಿನಲ್ಲಿ ಎರಡನ್ನು ಕೊಂಡು ಕಳುಹಿಸಿದೆ. ದಸರೆಯ ಬೊಂಬೆಗಳು ಸಕಾಲಕ್ಕೆ ಹೊರಬಿದ್ದವು.

ಆಗ ಮಾವ ಹೇಳಿಕೊಟ್ಟ ಪಾಠವನ್ನು, ಮನೆಯಲ್ಲಿ ಮರಗೆಲಸದ ಯಂತ್ರ ಇಟ್ಟುಕೊಂಡ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ. ಪ್ಲಗ್ ಕೀಳದೆ ಯಂತ್ರಕ್ಕೆ ಕೈಹಾಕಬಾರದು. ತಿರುಗುವ ಯಂತ್ರದ ಬಳಿ ಸೆರಗು, ಸಡಿಲ ತೋಳು, ಕೈಗವಸು ಕೂಡದು. ಮರದ ಪುಡಿಯು ಎಣ್ಣೆಯೊಡನೆ ಸೇರಿದರೆ ಅಂಟಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಸಂಜೆ ಮೊದಲು ಪುಡಿಯನ್ನು ಗುಡಿಸಿ, ಎಣ್ಣೆಯನ್ನು ಆಮೇಲೆ ಹಾಕಬೇಕು. ಮೋಟಾರಿನ ಗಾಳಿಕಿಂಡಿಗಳನ್ನು ಮುಚ್ಚಗೊಡಬಾರದು. ಬೆಲ್ಟು ಅತಿ ಬಿಗಿಯಾದರೆ ಬೇರಿಂಗನ್ನು ತಿನ್ನುತ್ತದೆ, ಸಡಿಲವಾದರೆ ಜಾರುತ್ತದೆ. ಮೋಟಾರು ಗುಂಯ್‌ಗುಟ್ಟಿಯೂ ತಿರುಗದಿದ್ದರೆ ಸಾಮಾನ್ಯವಾಗಿ ತಪ್ಪು ಕೆಪಾಸಿಟರಿನದು. ಅದು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿರುತ್ತದಾದ್ದರಿಂದ ಬಲ್ಲವರೇ ಮುಟ್ಟಬೇಕು. ನಿಮಿಷಕ್ಕೆ 1,440 ಸುತ್ತಿನ ಮೋಟಾರಿಗೆ 2 ಅಂಗುಲದ ಪುಲ್ಲಿ, ಲೇತಿಗೆ 4 ಅಂಗುಲದ್ದು ಇದ್ದರೆ ಮರವು 720 ಸುತ್ತು ತಿರುಗುತ್ತದೆ. ಬೆಲ್ಟು ಜಾರಿ ಈ ವೇಗ ತಗ್ಗಿದರೆ ಅರಗು ಸರಿಯಾಗಿ ಕರಗದು. ಬಣ್ಣ ಮಂಕಾದಾಗ ಮಾವ ಅರಗನ್ನು ಬೈಯುವ ಮೊದಲು ಬೆಲ್ಟನ್ನು ಮುಟ್ಟಿ ನೋಡುವುದು ಇದೇ ಕಾರಣಕ್ಕೆ.

ಬ್ಯಾಂಕಿನವನಾಗಿ ಒಂದು ಮಾತನ್ನು ಸೇರಿಸುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಬೊಂಬೆ ಮಾಡುವವರೂ ಸೇರಿದ್ದಾರೆ. ಉಪಕರಣಗಳಿಗಾಗಿ 15,000 ರೂಪಾಯಿ, ಎರಡು ಕಂತುಗಳಲ್ಲಿ 3 ಲಕ್ಷದವರೆಗೆ ಸಾಲ, ಒಳ್ಳೆಯ ಏರ್ಪಾಡು. ಆದರೆ ನಮ್ಮ ಮೇಜಿಗೆ ಬರುವ ಅರ್ಜಿಗಳಲ್ಲಿ ಹೊಸ ಯಂತ್ರದ ಮಾತು ಕಾಣುವಷ್ಟು ಹಳೆಯದರ ದುರಸ್ತಿಯ ಮಾತು ಕಾಣುವುದಿಲ್ಲ. ಸಣ್ಣ ಬೇರಿಂಗೊಂದಕ್ಕಾಗಿ ಮನೆಗಳು ಸಾಲಕ್ಕೆ ಬಿದ್ದರೆ, ಅಥವಾ ಯಂತ್ರಕ್ಕೆ ಗೋಣಿ ಹೊದಿಸಿ ಮಗ ಪಟ್ಟಣದ ಕೂಲಿಗೆ ಹೊರಟರೆ, ಕಸುಬು ಸಾಯುವುದಕ್ಕೆ ಬೇರೆ ಶತ್ರು ಬೇಕಾಗಿಲ್ಲ. 2005-06ರ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು ದೊರೆತು ಅದರ ಹೆಸರಿಗೆ ರಕ್ಷಣೆ ಬಂದಿದೆ. ಬೊಂಬೆಯನ್ನು ಕಡೆಯುವ ಲೇತಿನ ರಕ್ಷಣೆ ಮಾತ್ರ ಮನೆಯವರ ಕೈಯಲ್ಲೇ ಇದೆ.

ರಾಜ್ಯೋತ್ಸವದ ದಿನ ನಾಡನ್ನು ನೆನೆಯುವ ನಾವು ಮುಂದಿನ ಸಲ ಊರಿಗೆ ಹೋದಾಗ ಬೊಂಬೆಯನ್ನು ಕೊಳ್ಳೋಣ. ಕಡೆಯುವವರ ಯಂತ್ರಕ್ಕೆ ಏನಾದರೂ ಬೇಕೇ ಎಂದೂ ಕೇಳೋಣ. ಬಿಡಿಭಾಗದ ಸಂಖ್ಯೆಯೊಂದನ್ನು ಚೀಟಿಯಲ್ಲಿ ಬರೆದು ತಂದರೆ ಸಾಕು. ನಾವು ಬಂದು ನೆಲೆಸಿದ ಈ ಮಹಾನಗರದ ಪೇಟೆಯಲ್ಲಿ ಅದು ಸಿಕ್ಕೇ ಸಿಗುತ್ತದೆ.