ಇಲಿ ಬಿದ್ದ ಮನೆ

ನನ್ನ ಅಜ್ಜಿ ಸುಲಭವಾಗಿ ಹೆದರುವ ಹೆಂಗಸಲ್ಲ. ಹಿತ್ತಲಿಗೆ ಹಾವು ಬಂದರೆ ಕೋಲು ಹಿಡಿದು ತಾನೇ ಮುಂದೆ ನಿಲ್ಲುತ್ತಿದ್ದಳು. ಅಂಥವಳು ಒಮ್ಮೆ ಹೆದರಿ ನಡುಗಿದ್ದನ್ನು ನಾನು ಕಣ್ಣಾರೆ ಕಂಡೆ. 1960ರ ಸುಮಾರಿನಲ್ಲಿ, ಹುಡುಗನಾಗಿದ್ದ ನಾನು ಅಟ್ಟದ ಮೇಲಿಂದ ಸತ್ತ ಇಲಿಯೊಂದನ್ನು ಬಾಲ ಹಿಡಿದು ಕೆಳಗೆ ತಂದೆ. ಅದನ್ನು ನೋಡಿದ್ದೇ ತಡ, "ಬಿಸಾಡೋ, ಬಿಸಾಡು! ಎಲ್ಲರೂ ಆಚೆಗೆ ನಡೀರಿ!" ಎಂದು ಅಜ್ಜಿ ಕೂಗಿಕೊಂಡಳು. ನನ್ನನ್ನು ಬಚ್ಚಲಿಗೆ ಎಳೆದೊಯ್ದು ಸುಡುನೀರು ಸುರಿದಳು. "ಅಮ್ಮ, ನಾನೇ ನಿನ್ನೆ ರಾತ್ರಿ ಪಾಷಾಣ ಇಟ್ಟಿದ್ದೆ" ಎಂದು ಅಪ್ಪ ಎಷ್ಟು ಹೇಳಿದರೂ ಅವಳು ಸಂಜೆಯವರೆಗೆ ಮನೆಯೊಳಕ್ಕೆ ಕಾಲಿಡಲಿಲ್ಲ. ಬೀದಿಯ ಜಗಲಿಯ ಮೇಲೆ ಕುಳಿತೇ ಇದ್ದಳು.

ಅಂದು ರಾತ್ರಿ ತನ್ನ ಅಕ್ಕನ ಕತೆಯನ್ನು ನನಗೆ ಹೇಳಿದಳು. 1910ರ ಆಸುಪಾಸು; ಅಜ್ಜಿಗೆ ಆಗ ಹತ್ತು ವರ್ಷ. ಊರಿನಲ್ಲಿ ಇಲಿ ಬಿತ್ತು. ಆ ಕಾಲದ ಜನಕ್ಕೆ 'ಇಲಿ ಬಿತ್ತು' ಎಂಬ ಎರಡು ಮಾತು ಸಾಕು, ಮೂರನೆಯದು ಬೇಕಿರಲಿಲ್ಲ. ಊರಿಗೆ ಊರೇ ಬಾಗಿಲು ಹಾಕಿಕೊಂಡು ತೋಪಿನಲ್ಲಿ ಷೆಡ್ಡು ಕಟ್ಟಿಕೊಂಡು ವಾಸಮಾಡಿತು. ಕೆಲವು ವಾರ ಕಳೆದವು. ಸಾವಿನ ಸುದ್ದಿ ನಿಂತಿತು, ಇಲಿ ಬೀಳುವುದೂ ನಿಂತಿತು. ಅಕ್ಕ ಒಂದು ಮಧ್ಯಾಹ್ನ ಮನೆಗೆ ಹೋಗಿ, ನಡುಮನೆ ಗುಡಿಸಿ, ಉಪ್ಪಿನಕಾಯಿಯ ಭರಣಿಯನ್ನು ಸೊಂಟದ ಮೇಲಿಟ್ಟುಕೊಂಡು ಷೆಡ್ಡಿಗೆ ಮರಳಿದಳು. ಮೂರನೆಯ ದಿನ ಜ್ವರ ಬಂತು, ತೊಡೆಯ ಸಂದಿಯಲ್ಲಿ ಗೆಡ್ಡೆ ಎದ್ದಿತು. ವಾರ ತುಂಬುವುದರೊಳಗೆ ಅವಳಿಲ್ಲ. "ಮನೇಲಿ ಒಂದು ಇಲೀನೂ ಇರಲಿಲ್ಲವಂತೆ ಕಣೋ. ಮತ್ತೆ ಹೇಗೆ ಬಂತು?" ಎಂದು ಅಜ್ಜಿ ಕೇಳಿದಳು. ಐವತ್ತು ವರ್ಷಗಳ ಕಾಲ ಆ ಪ್ರಶ್ನೆಯನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ. ಪ್ಲೇಗಿನ ಚರಿತ್ರೆಯನ್ನು ನಾನು ಓದತೊಡಗಿದ್ದು ಈ ಪ್ರಶ್ನೆಯ ದೆಸೆಯಿಂದಲೇ.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು ಹಡಗಿನ ದಾರಿಯಲ್ಲಿ ಬಂದು 1896ರಲ್ಲಿ ಮುಂಬಯಿಯನ್ನು ಹೊಕ್ಕಿತು. ಅಲ್ಲಿಂದ ಅದಕ್ಕೆ ರೈಲೇ ವಾಹನವಾಯಿತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಅದು ಮಾಡಿದ ಹಾವಳಿಯನ್ನು ಜನಗಣತಿಯ ಅಂಕಿಗಳಲ್ಲೇ ನೋಡಬಹುದು. 1891ರಲ್ಲಿ ಪೇಟೆ ಮತ್ತು ದಂಡು ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ 1,80,366, 1901ರಲ್ಲಿ 1,59,046. ಬೆಳೆಯಬೇಕಾಗಿದ್ದ ಊರು ಹತ್ತು ವರ್ಷಗಳಲ್ಲಿ ಇಪ್ಪತ್ತೊಂದು ಸಾವಿರದಷ್ಟು ಕುಗ್ಗಿತು. ಇವರೆಲ್ಲರೂ ಸತ್ತವರಲ್ಲ, ಊರು ಬಿಟ್ಟು ಓಡಿದವರೂ ಇದರಲ್ಲಿ ಸೇರಿದ್ದಾರೆ. ಇಡೀ ಭಾರತದಲ್ಲಿ ಮುಂದಿನ ಕೆಲವು ದಶಕಗಳಲ್ಲಿ ಈ ರೋಗಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಮೈಸೂರು ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. ಮುಂದೆ ದಿವಾನರಾದ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಊರ ಹೊರಗೆ ಶಿಬಿರಗಳು ಎದ್ದವು. ರೋಗ ಬಂದ ಮನೆಯ ಹೆಂಚು ತೆಗೆಸಿ ಬಿಸಿಲು ಬಿಡುವುದು, ಗೋಡೆಗೆ ಸುಣ್ಣ ಹೊಡೆಸುವುದು, ಪಾದರಸ ಬೆರೆತ ವಿಷದ್ರಾವಣದಿಂದ ನೆಲ ತೊಳೆಸುವುದು ಆ ದಿನಗಳ ಕ್ರಮ. ಇದರಿಂದ ಜನಕ್ಕೆ ರೋಗದಷ್ಟೇ ಭಯ ಅಧಿಕಾರಿಗಳನ್ನು ಕಂಡರೂ ಹುಟ್ಟಿತು. ಮನೆಯೊಳಗೆ ನುಗ್ಗುವವರಿಗೆ ಹೆದರಿ ರೋಗಿಗಳನ್ನು ಬಚ್ಚಿಟ್ಟವರುಂಟು. ಪುಣೆಯಲ್ಲಿ ಈ ಅಸಮಾಧಾನವೇ ಉರಿದು, 1897ರಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡನ ಕೊಲೆಯಲ್ಲಿ ಕೊನೆಗೊಂಡಿತು.

ಇಷ್ಟೆಲ್ಲ ಬಲಪ್ರಯೋಗ ಮಾಡಿದವರಿಗೆ ರೋಗ ಹರಡುವ ದಾರಿಯೇ ತಿಳಿದಿರಲಿಲ್ಲವೆಂಬುದು ವಿಪರ್ಯಾಸ. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಗುರುತಿಸಿದ್ದ. ಆದರೆ ಅದು ಮನುಷ್ಯನ ಮೈ ಸೇರುವುದು ಹೇಗೆ? ನೆಲದಲ್ಲಿದೆ, ಕೊಳೆಯಲ್ಲಿದೆ, ಗಾಳಿಯಲ್ಲಿದೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ನಡೆಸಿದ ಫ್ರೆಂಚ್ ವೈದ್ಯ ಸಿಮೊಂಡ್, ಇಲಿಯ ಮೈಮೇಲಿನ ಚಿಗಟವೇ ಇದರ ವಾಹಕವೆಂದು ತೋರಿಸಿದ. ಬಹುಮಂದಿ ನಂಬಲಿಲ್ಲ.

ಸಂಶಯ ಬಗೆಹರಿದದ್ದು 1905ರಲ್ಲಿ ಮುಂಬಯಿಯ ಪರೇಲಿನಲ್ಲಿ ಕೆಲಸ ಆರಂಭಿಸಿದ ಪ್ಲೇಗು ಸಂಶೋಧಕರ ತಂಡದಿಂದ. ಅವರ ಉಪಾಯ ಬಹಳ ಸರಳ. ಜನ ಬಿಟ್ಟುಹೋದ ಪ್ಲೇಗಿನ ಮನೆಗಳಲ್ಲಿ ಅವರು ಗಿನಿಹಂದಿಗಳನ್ನು ಬಿಟ್ಟರು. ಖಾಲಿ ಮನೆಯಲ್ಲಿ ಅವುಗಳ ಮೈಗೆ ಚಿಗಟಗಳು ಮುತ್ತಿದವು. ಹಲವು ಪ್ಲೇಗು ತಗುಲಿ ಸತ್ತವು. ಆದರೆ ನೆಲದಿಂದ ಎತ್ತರದಲ್ಲಿ ತೂಗುಹಾಕಿದ ಪಂಜರಗಳಲ್ಲಿದ್ದವೂ, ಸುತ್ತ ಅಂಟುಕಾಗದ ಹಾಸಿದ ಪಂಜರಗಳಲ್ಲಿದ್ದವೂ ಉಳಿದುಕೊಂಡವು. ಗಾಳಿಯಲ್ಲಿ ರೋಗವಿದ್ದಿದ್ದರೆ ಅವೂ ಸಾಯಬೇಕಿತ್ತಲ್ಲವೆ? ಇನ್ನೊಂದು ಸಂಗತಿಯೂ ಹೊರಬಿತ್ತು. ಅಂದಿನ ಪದ್ಧತಿಯಂತೆ ವಿಷದ್ರಾವಣದಿಂದ ತೊಳೆದ ಮನೆಯಲ್ಲಿಯೂ ಗಿನಿಹಂದಿಗಳಿಗೆ ಪ್ಲೇಗು ಬಂತು. ದ್ರಾವಣ ನೆಲವನ್ನು ತೊಳೆಯುತ್ತಿತ್ತೇ ಹೊರತು ಚಿಗಟವನ್ನು ಕೊಲ್ಲುತ್ತಿರಲಿಲ್ಲ.

ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಇಲಿ ಬದುಕಿರುವವರೆಗೆ ಚಿಗಟಕ್ಕೆ ಮನುಷ್ಯನ ಗೊಡವೆ ಹೆಚ್ಚಾಗಿ ಬೇಕಿಲ್ಲ. ಇಲಿ ಸತ್ತು ಮೈ ತಣ್ಣಗಾದೊಡನೆ ಅದು ಕೆಳಗಿಳಿದು, ನೆಲದ ಬಿರುಕಿನಲ್ಲಿ, ಧೂಳಿನಲ್ಲಿ, ಹಳೆಯ ಗೋಣಿಯಲ್ಲಿ ಹಸಿದು ಕಾಯುತ್ತದೆ. ತಂಪಾದ ಕತ್ತಲ ಕೋಣೆಯಲ್ಲಿ ಹೀಗೆ ಕೆಲವು ವಾರ ಕಾಯಬಲ್ಲದು. ಇಲಿಗಳೆಲ್ಲ ಸತ್ತು ನಿಶ್ಶಬ್ದವಾದ ಮನೆ ಸುರಕ್ಷಿತವಲ್ಲ. ಅದೇ ಎಲ್ಲಕ್ಕಿಂತ ಅಪಾಯದ ಮನೆ. 'ಒಂದು ಇಲಿಯೂ ಇಲ್ಲ' ಎಂಬ ಧೈರ್ಯದಿಂದ ಅಕ್ಕ ಒಳಗೆ ಹೋದಳು. ಇಲಿಯಿಲ್ಲದ್ದೇ ಅವಳಿಗೆ ಮುಳುವಾಯಿತು. ಅವಳು ಆ ಬಾಗಿಲು ತೆರೆಯುವ ವೇಳೆಗೆ ಈ ಶೋಧನೆಯ ವರದಿಗಳು ಇಂಗ್ಲಿಷಿನಲ್ಲಿ ಅಚ್ಚಾಗಿದ್ದವು. ಅವು ಆ ಊರಿನವರೆಗೆ ಬಂದಿರಲಿಲ್ಲ, ಅಷ್ಟೆ.

ಹಾಗೆಂದು ಆ ಜನರನ್ನು ಅಜ್ಞಾನಿಗಳೆನ್ನಲು ನನಗೆ ಮನಸ್ಸಿಲ್ಲ. ಇಲಿ ಬಿದ್ದೊಡನೆ ಮನೆ ಬಿಡಬೇಕೆಂಬುದನ್ನು ಅವರು ಯಾವ ವಿಜ್ಞಾನಿಯನ್ನೂ ಕೇಳದೆ ಕಂಡುಕೊಂಡಿದ್ದರು. ಅಂದಿನ ಉಪಾಯಗಳಲ್ಲೆಲ್ಲ ಅದೇ ಮೇಲಾದದ್ದೆಂದು ಆಮೇಲೆ ಪಂಡಿತರೂ ಒಪ್ಪಿದರು. ಹಾಸಿಗೆ ಬಟ್ಟೆಗಳನ್ನು ಸುಡುಬಿಸಿಲಿಗೆ ಹರಡುತ್ತಿದ್ದರಲ್ಲ, ಅದೂ ಸರಿಯೇ. ಕಾದ ನೆಲದ ಮೇಲೆ ಚಿಗಟ ಉಳಿಯದು. ಹೊರಡುವ ಹೊತ್ತನ್ನು ಅವರು ಬಲ್ಲವರಾಗಿದ್ದರು. ಮರಳುವ ಹೊತ್ತು ಮಾತ್ರ ಅವರಿಗೆ ತಿಳಿಯಲಿಲ್ಲ. ಷೆಡ್ಡಿನಲ್ಲಿ ಮಳೆ, ಚಳಿ; ಮನೆಯಲ್ಲಿ ಅಕ್ಕಿ, ಭರಣಿ. ಯಾರಿಗೆ ತಾನೆ ತಾಳ್ಮೆ ಉಳಿದೀತು?

ಬೆಂಗಳೂರು ಈ ಪಾಠವನ್ನು ಕಲ್ಲುಗಾರೆಯಲ್ಲಿ ಬರೆದುಕೊಂಡಿತು. ಬಸವನಗುಡಿ, ಮಲ್ಲೇಶ್ವರಗಳ ಯೋಚನೆ ಪ್ಲೇಗಿಗೆ ಮೊದಲೇ ಇತ್ತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಅಲ್ಲಿಗೆ ಅಟ್ಟಿದ್ದು ಪ್ಲೇಗು. ಅಗಲವಾದ ನೇರ ರಸ್ತೆಗಳು, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಜಾಡಮಾಲಿಗಳ ಓಡಾಟಕ್ಕೆಂದು ಬಿಟ್ಟ ಓಣಿ, ಇವೆಲ್ಲ ಆ ಭಯದ ದಿನಗಳ ಗುರುತು. ದಂಡಿನ ಕಡೆ 1906ರಲ್ಲಿ ಆರಂಭವಾದ ಫ್ರೇಜರ್ ಟೌನಿನಲ್ಲಂತೂ ಇಲಿಗೆ ಎಡೆಕೊಡದ ಮನೆ ಕಟ್ಟುವುದೇ ಉದ್ದೇಶವಾಗಿತ್ತು. ಅದನ್ನು ಕುರಿತು ಜೆ. ಎಚ್. ಸ್ಟೀಫನ್ಸ್ 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಈಗ ಆ ಹಿಂಬದಿಯ ಓಣಿಗಳಲ್ಲಿ ಎಷ್ಟೋ ಕಡೆ ಕಸ ತುಂಬಿದೆ, ಎಷ್ಟೋ ಕಡೆ ಗೋಡೆ ಎದ್ದಿದೆ. ಅದು ಅಲ್ಲಿ ಏಕಿತ್ತೆಂಬುದು ಮರೆತರೆ, ಅದನ್ನು ಮುಚ್ಚಲು ಸಂಕೋಚವಾದರೂ ಏಕಾಗಬೇಕು?

2020ರಲ್ಲಿ ಕೋವಿಡ್ ಬಂದಾಗ ನಮಗೆ 'ಮನೆಯಲ್ಲೇ ಇರಿ' ಎಂದರು. ನಮ್ಮ ಹಿರಿಯರಿಗೆ ಪ್ಲೇಗು 'ಮನೆ ಬಿಡಿ' ಎಂದಿತ್ತು. ಒಂದು ವಿಪತ್ತಿನ ಬುದ್ಧಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಆದರೆ ಎರಡರಲ್ಲಿಯೂ ಒಂದು ಮಾತು ಸಮಾನ: ಗದ್ದಲ ಅಡಗಿತೆಂದ ಮಾತ್ರಕ್ಕೆ ಅಪಾಯ ಅಡಗಿತೆಂದಲ್ಲ. ನೆರೆ ಇಳಿದ ಮನೆಗೂ, ಭೂಮಿ ನಡುಗಿ ನಿಂತ ಮನೆಗೂ ಈ ಮಾತು ಸಲ್ಲುತ್ತದೆ. ಹೊರಡಲು ಧೈರ್ಯ ಬೇಕು. ಮರಳಲು ತಿಳಿವಳಿಕೆ ಬೇಕು, ಆ ತಿಳಿವಳಿಕೆ ಮನೆಬಾಗಿಲಿಗೆ ನಮ್ಮ ಮಾತಿನಲ್ಲಿಯೇ ಬರಬೇಕು.

ನಾನು ಉತ್ತರ ಕಂಡುಕೊಳ್ಳುವ ವೇಳೆಗೆ ಅಜ್ಜಿ ಇರಲಿಲ್ಲ. ಅಕ್ಕ ತಂದ ಭರಣಿ ಮಾತ್ರ ನಮ್ಮ ಮನೆಯಲ್ಲಿ ಬಹಳ ದಿನ ಇತ್ತು. ಅದರಲ್ಲಿ ಅಜ್ಜಿ ಎಂದೂ ಉಪ್ಪಿನಕಾಯಿ ಹಾಕಲಿಲ್ಲ, ಎಸೆಯಲೂ ಇಲ್ಲ. ವರ್ಷಕ್ಕೊಮ್ಮೆ ತೊಳೆದು, ಅಂಗಳದ ಬಿಸಿಲಿನಲ್ಲಿ ದಿನವಿಡೀ ಬೋರಲಿಟ್ಟು, ಸಂಜೆ ಒಳಗೆ ತರುತ್ತಿದ್ದಳು.