ಒಂದು ಕಣದ ಹೆಪ್ಪು

ಜವೆಗೋದಿಯನ್ನು ಮೊಳೆಯಿಸಿ ಒಣಗಿಸಿ, ಬಿಸಿನೀರಿನಲ್ಲಿ ನೆನೆಯಿಸಿ, ಬಸಿದ ಸಿಹಿರಸವನ್ನು ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ ಆರಿಸಿದರೆ, ಬೀರಿನ ಕಾರ್ಯದಲ್ಲಿ ಮನುಷ್ಯನ ಪಾಲಿನದು ಬಹುಮಟ್ಟಿಗೆ ಮುಗಿಯುವುದು. ಉಳಿದುದೆಲ್ಲವೂ ಕಿಣ್ವದ ಕೆಲಸ. ಈ ಶಬ್ದವು ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿಯೇ ಬಂದಿರುವುದು. ಉದ್ದಿನೊಡನೆ ಅಕ್ಕಿಯನ್ನು ಸೇರಿಸಿ ಕಿಣ್ವವನ್ನು ಕಟ್ಟುವ ಕ್ರಮವನ್ನು ಆತನು ಹೇಳಿರುವನು. ಆದರೆ ಇಂದಿನ ಶಾಸ್ತ್ರಗ್ರಂಥಗಳು ಅದನ್ನು ಬೇರೊಂದು ಅರ್ಥಕ್ಕೆ ಮೀಸಲಿಟ್ಟಿರುವುದರಿಂದ ಇಲ್ಲಿ ಯೀಸ್ಟ್ ಎಂದೇ ಬರೆಯುವುದು ಲೇಸು.

ಪೂರ್ವದಲ್ಲಿ ಯೂರೋಪಿನ ಬೀರು ತಯಾರಕರು ಒಂದು ತೊಟ್ಟಿಯ ಹುದುಗು ಮುಗಿದ ಮೇಲೆ ಅದರ ಯೀಸ್ಟನ್ನೇ ತೆಗೆದು ಮುಂದಿನ ರಸಕ್ಕೆ ಬೆರೆಸುತ್ತಿದ್ದರು. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ. ಹೆಪ್ಪು ಕೆಟ್ಟರೆ ಮೊಸರು ಲೋಳೆಯಾಗುವುದನ್ನು ಯಾವ ಗೃಹಿಣಿ ತಾನೆ ಅರಿಯಳು? ಆದರೆ ಕೆಟ್ಟ ಹೆಪ್ಪಿನಲ್ಲಿ ಕೆಟ್ಟುದು ಯಾವುದೆಂಬುದನ್ನು ಕಣ್ಣಿನಿಂದ ಕಂಡವರಿರಲಿಲ್ಲ.

ಡೆನ್ಮಾರ್ಕ್ ದೇಶದ ಯಾಕೋಬ್‌ಸೆನ್ ಎಂಬಾತನು 1845ರಲ್ಲಿ ಮ್ಯೂನಿಕ್ ನಗರದ ಸ್ಪಾಟೆನ್ ಕಾರ್ಖಾನೆಯಿಂದ, ತೊಟ್ಟಿಯ ತಳದಲ್ಲಿ ನಿಲ್ಲುವ ಜಾತಿಯ ಯೀಸ್ಟನ್ನು ತಂದನು. ದಾರಿಯುದ್ದಕ್ಕೂ ಬಂಡಿ ನಿಂತೆಡೆಯಲ್ಲೆಲ್ಲ ಇಳಿದು, ಪಾತ್ರೆಗೆ ತಣ್ಣೀರೆರೆದು ಅದನ್ನು ಕಾಪಾಡಿದನೆಂದು ಹೇಳುವರು. 1847ರಲ್ಲಿ ಅವನು ಕೋಪನ್‌ಹೇಗನ್ನಿನ ಹೊರವಲಯದಲ್ಲಿ ಸ್ಥಾಪಿಸಿದ ಕಾರ್ಖಾನೆಗೆ ಮಗನ ಹೆಸರಿನಿಂದ ಕಾರ್ಲ್ಸ್‌ಬರ್ಗ್ ಎಂಬ ಹೆಸರಾಯಿತು. 1875ರಲ್ಲಿ ಅದಕ್ಕೊಂದು ಪ್ರಯೋಗಶಾಲೆಯೂ ಸೇರಿತು. ಶಾಸ್ತ್ರಕ್ಕಾಗಲಿ ಉದ್ಯಮಕ್ಕಾಗಲಿ ಉಪಯುಕ್ತವಾದ ಯಾವ ಫಲಿತವನ್ನೂ ಗುಟ್ಟಾಗಿಡಕೂಡದೆಂಬುದು ಆ ಶಾಲೆಯ ನಿಯಮ. ವ್ಯಾಪಾರಿಯಾದವನು ಇಂತಹ ನಿಯಮವನ್ನು ತಾನಾಗಿಯೇ ವಿಧಿಸಿಕೊಂಡುದು ಸಾಮಾನ್ಯವಲ್ಲ.

ಪಾಸ್ತ್ಯೂರ್ ಮಹಾಶಯನ ಬೀರಿನ ಮೇಲಣ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಬೀರು ಹುಳಿಯಾಗುವುದಕ್ಕೂ ಕೊಳೆಯುವುದಕ್ಕೂ ಬ್ಯಾಕ್ಟೀರಿಯಗಳೇ ಕಾರಣವೆಂದೂ, ಟಾರ್ಟಾರಿಕ್ ಆಮ್ಲ ಬೆರೆಸಿದ ಸಕ್ಕರೆಯ ನೀರಿನಲ್ಲಿ ಯೀಸ್ಟನ್ನು ಬೆಳೆಯಿಸಿದರೆ ಅದು ಶುದ್ಧವಾಗುವುದೆಂದೂ ಆತನ ಮತ. ಯಾಕೋಬ್‌ಸೆನ್ನನಿಗೆ ಪಾಸ್ತ್ಯೂರನಲ್ಲಿ ಅಪಾರವಾದ ಭಕ್ತಿ. ಹೀಗಿರಲು 1883ರಲ್ಲಿ ಅವನ ಕಾರ್ಖಾನೆಯ ಬೀರಿಗೇ ರೋಗ ತಗಲಿತು. ಕಹಿಯಾದ ರುಚಿ, ಸಹಿಸಲಾಗದ ವಾಸನೆ.

ಪ್ರಯೋಗಶಾಲೆಯ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ನನು ರೀಬೆ ಎಂಬ ಊರಿನಲ್ಲಿ 1842ರಲ್ಲಿ ಜನಿಸಿದವನು. ಮೊದಲು ಮನೆಗಳಿಗೆ ಬಣ್ಣ ಬಳಿಯುವ ಕಸುಬನ್ನು ಕಲಿತು, ಬಹು ತಡವಾಗಿ ವಿದ್ಯೆಗೆ ಬಂದವನು. ದೋಷವು ಬ್ಯಾಕ್ಟೀರಿಯಗಳಲ್ಲಿ ಮಾತ್ರವಲ್ಲ, ಯೀಸ್ಟಿನ ದಾಯಾದಿಗಳಾದ ಕಾಡು ಯೀಸ್ಟುಗಳಲ್ಲಿಯೂ ಇರುವುದೆಂದು ಆತನು ಊಹಿಸಿದನು. ಆಕಾರದಿಂದ ಇವನ್ನು ಬೇರ್ಪಡಿಸುವುದು ದುಸ್ಸಾಧ್ಯ. ಆದುದರಿಂದ ಸೂಕ್ಷ್ಮದರ್ಶಕದಲ್ಲಿ ಒಂದು ಹನಿಯ ಕಣಗಳನ್ನೆಣಿಸಿ, ಎರಡು ಕುಪ್ಪಿಗಳಿಗೆ ಸರಾಸರಿ ಒಂದೇ ಕಣ ಬೀಳುವಷ್ಟು ನೀರು ಬೆರೆಸಿ, ಕುಪ್ಪಿಗಳಿಗೆ ಹಂಚಿದನು. ಯಾವ ಕುಪ್ಪಿಯ ತಳದಲ್ಲಿ ಒಂದೇ ಚುಕ್ಕೆ ಮೂಡಿತೋ ಅದು ಒಂದೇ ಕಣದ ಸಂತಾನ. ತೇವವಾದ ಜಿಪ್ಸಮ್ ಬಿಲ್ಲೆಯ ಮೇಲೆ ಹರಡಿದರೆ ಕಾಡು ಯೀಸ್ಟುಗಳು ಸಾಕಿದವಕ್ಕಿಂತ ಬೇಗನೆ ಬೀಜಕಗಳನ್ನು ಕಟ್ಟುವುವೆಂಬುದನ್ನೂ ಕಂಡು, ಅವನ್ನು ಗುರುತಿಸುವ ಉಪಾಯ ಮಾಡಿದನು.

ಯಾಕೋಬ್‌ಸೆನ್ನನು ಮೊದಮೊದಲು ಒಪ್ಪಲಿಲ್ಲ. ಮೂವತ್ತೆಂಟು ವರ್ಷ ಸಾಕಿ ಬೆಳೆಯಿಸಿದ ತನ್ನ ಯೀಸ್ಟು ಮಿಶ್ರವಾದುದೆಂಬ ಮಾತು ಯಾರಿಗೆ ತಾನೆ ರುಚಿಸೀತು? ಆದರೂ 1883ರ ನವೆಂಬರ್ 12ರಂದು, ಬೇರ್ಪಡಿಸಿದವುಗಳಲ್ಲಿ ಒಳ್ಳೆಯ ಬೀರನ್ನು ಕೊಟ್ಟ ಒಂದನೆಯ ಯೀಸ್ಟನ್ನು ತೊಟ್ಟಿಗೆ ಹಾಕಲಾಯಿತು. ರೋಗವು ತೊಲಗಿತು. ಪಾಸ್ತ್ಯೂರನ ಆಮ್ಲದ ಚಿಕಿತ್ಸೆಯು ಬ್ಯಾಕ್ಟೀರಿಯಗಳನ್ನು ಅಡಗಿಸಿದರೂ ಕಾಡು ಯೀಸ್ಟುಗಳನ್ನೇ ಪೋಷಿಸುವುದೆಂದು ಹಾನ್ಸೆನ್ನನು ತೋರಿಸಿದನು. ಗುರುವೆಂದು ಪೂಜಿಸಿದವನ ಮತವು ತನ್ನ ಶಾಲೆಯಲ್ಲಿಯೇ ಖಂಡಿತವಾದಾಗ ಯಾಕೋಬ್‌ಸೆನ್ನನು ಅದನ್ನು ಮುಚ್ಚಿಡಲಿಲ್ಲ; ಶುದ್ಧ ಯೀಸ್ಟನ್ನು ಪ್ರತಿಸ್ಪರ್ಧಿಗಳಿಗೂ ಬೆಲೆಯಿಲ್ಲದೆ ಕೊಡಿಸಿದನು.

ಶುದ್ಧಬೀಜವೊಂದಿದ್ದರೆ ಎಲ್ಲವೂ ಆಯಿತೆಂದಲ್ಲ. ಕುದಿದ ರಸವು ಆರುವಾಗ ಗಾಳಿಯ ಧೂಳು ಬಿದ್ದರೆ, ತೊಟ್ಟಿಯ ಬಿರುಕಿನಲ್ಲಿ ಹಳೆಯ ಗಸಿ ಉಳಿದರೆ ದಾಯಾದಿಗಳು ಮರಳಿ ಸೇರುವರು. ಹದ ತಪ್ಪಿದರೆ ಶುದ್ಧ ಯೀಸ್ಟೂ ಕೆಡಿಸುವುದುಂಟು. ಹುದುಗುವಾಗ ಬೆಣ್ಣೆಯ ವಾಸನೆಯ ಡೈಅಸಿಟೈಲ್ ಎಂಬ ವಸ್ತುವು ಹುಟ್ಟುವುದು. ಯೀಸ್ಟನ್ನು ಅವಸರದಿಂದ ತೆಗೆಯದೆ ಬಿಟ್ಟರೆ ಅದೇ ಅದನ್ನು ಮರಳಿ ಹೀರಿಕೊಳ್ಳುವುದು.

ಇಂಗ್ಲೆಂಡಿನವರು ಮಾತ್ರ ಈ ಪದ್ಧತಿಗೆ ಸುಲಭವಾಗಿ ಮಣಿಯಲಿಲ್ಲ. ಬಹುಕಾಲ ಪೀಪಾಯಿಗಳಲ್ಲಿಟ್ಟು ಪಕ್ವಮಾಡುವ ತಮ್ಮ ಬೀರಿಗೆ ಒಂದೇ ಯೀಸ್ಟಿನಿಂದ ಹಳೆಯ ಪರಿಮಳ ಬರದೆಂದು ಅವರ ಆಕ್ಷೇಪ. 1904ರಲ್ಲಿ ಕಾರ್ಲ್ಸ್‌ಬರ್ಗಿನವನೇ ಆದ ಕ್ಲಾಸೆನ್ ಎಂಬಾತನು, ಆ ಪರಿಮಳಕ್ಕೆ ಕಾರಣವಾದ ಯೀಸ್ಟನ್ನು ಪ್ರಕಟಪಡಿಸಿ, ಬ್ರಿಟಿಷರ ಹೆಸರನ್ನೇ ಸೇರಿಸಿ ಅದಕ್ಕೆ ಬ್ರೆಟ್ಟನೊಮೈಸಿಸ್ ಎಂದು ಹೆಸರಿಟ್ಟನು. ಇತರ ಬಹುತೇಕ ಬೀರುಗಳಲ್ಲಿ ಅದು ಇಂದಿಗೂ ದೋಷವೆಂದೇ ಎಣಿಸಲ್ಪಡುವುದು.